ಹಳೆಯ ಮಷಿನ್ ಕೊಳ್ಳುವಾಗ ವಯಸ್ಸು ಬಿಡಿ, ಸವೆತ ನೋಡಿ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಚಿಕ್ಕಪೇಟೆಯ ಆಸುಪಾಸಿನ ಬೀದಿಗಳಲ್ಲಿ ಹಳೆಯ ಸಾಮಾನಿನ ಬಜಾರು ನೆರೆಯುತ್ತದೆ. ನೆಲಕ್ಕೆ ಹಾಸಿದ ಟಾರ್ಪಾಲಿನ ಮೇಲೆ ಚಾರ್ಜರು, ಕೈಗಡಿಯಾರ, ಹಿತ್ತಾಳೆ ನಲ್ಲಿಗಳ ನಡುವೆ ಡ್ರಿಲ್ಲು, ಕಟಿಂಗ್ ಮಷಿನ್, ಪ್ಲೇನರುಗಳೂ ಕಾಣಸಿಗುತ್ತವೆ. ಕೆಲವಕ್ಕೆ ಹೊಸದಾಗಿ ಬಣ್ಣ ಬಳಿದಿದ್ದಾರೆ, ಕೆಲವುಗಳ ವಯರಿಗೆ ಎರಡು ಮೂರು ಕಡೆ ಟೇಪು ಸುತ್ತಿದೆ. ಮಹಡಿಯ ಮೇಲೋ ಗ್ಯಾರೇಜಿನ ಮೂಲೆಯಲ್ಲೋ ಪುಟ್ಟದೊಂದು ಮರಗೆಲಸದ ಕೋಣೆ ಮಾಡಿಕೊಳ್ಳುವ ಆಸೆಯವರು ಕುಕ್ಕರುಗಾಲಿನಲ್ಲಿ ಕೂತು ಒಂದೊಂದನ್ನೇ ಎತ್ತಿ ನೋಡುತ್ತಾರೆ. ವ್ಯಾಪಾರಿ ಪ್ಲಗ್ಗು ಚುಚ್ಚಿ ಸ್ವಿಚ್ಚು ಒತ್ತುತ್ತಾನೆ. ಮಷಿನ್ ಗುರ್ರೆಂದು ತಿರುಗುತ್ತದೆ. ಮಾತು ನೇರವಾಗಿ ರೇಟಿಗೆ ಇಳಿಯುತ್ತದೆ.

ತಿರುಗಿತು ಎಂಬ ಒಂದೇ ಸಾಕ್ಷಿಯನ್ನು ನಂಬಿ ನಡೆಯುವ ವ್ಯಾಪಾರ ಇದು. ಮರ ಮುಟ್ಟದೆ ಬರಿದೇ ತಿರುಗುವಾಗ ಸಾಯುವ ಹಂತದ ಮಷಿನ್ನೂ ಆರೋಗ್ಯವಾಗಿಯೇ ಕೇಳಿಸುತ್ತದೆ. ಇದರಿಂದ ಕೈಸುಟ್ಟುಕೊಂಡವರು ‘ಹಳೆಯದರ ಸಹವಾಸವೇ ಬೇಡ’ ಎನ್ನುತ್ತಾರೆ. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದವರು ‘ಹಳೆಯದೇ ಗಟ್ಟಿ, ಈಗಿನದೆಲ್ಲ ಪ್ಲಾಸ್ಟಿಕ್ಕು’ ಎನ್ನುತ್ತಾರೆ. ಎರಡೂ ಮಾತು ವಯಸ್ಸನ್ನೇ ಅಳತೆಗೋಲಾಗಿ ಹಿಡಿದಿವೆ. ಮರಗೆಲಸದ ವಿದ್ಯುತ್ ಉಪಕರಣದ ಮಟ್ಟಿಗೆ ವಯಸ್ಸು ತಪ್ಪು ಅಳತೆ. ಯಾವ ಭಾಗ ಸವೆದಿದೆ, ಆ ಭಾಗ ನಮ್ಮ ಊರಿನಲ್ಲಿ ಸಿಗುತ್ತದೆಯೇ, ಅದನ್ನು ಹಾಕಿದ ಮೇಲೆ ಮಷಿನ್ ನೇರವಾಗಿ ಕೊಯ್ಯುತ್ತದೆಯೇ ಎಂಬ ಮೂರು ಪ್ರಶ್ನೆಗಳೇ ತೀರ್ಮಾನ ಕೊಡುವಂಥವು.

ನೂರು ವರ್ಷದ ವಿನ್ಯಾಸ

ವಯಸ್ಸು ಏಕೆ ಮುಖ್ಯವಲ್ಲ ಎಂಬುದಕ್ಕೆ ಈ ಉಪಕರಣಗಳ ಚರಿತ್ರೆಯೇ ಉತ್ತರ. ಜರ್ಮನಿಯ ಫೈನ್ ಕಂಪನಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ಮಾಡಿದ್ದು 1895ರಲ್ಲಿ. ಪಿಸ್ತೂಲಿನಂಥ ಹಿಡಿ, ಬೆರಳಿನಲ್ಲಿ ಒತ್ತುವ ಟ್ರಿಗರ್ ಇರುವ ರೂಪಕ್ಕೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಪೇಟೆಂಟ್ ಪಡೆದದ್ದು 1917ರಲ್ಲಿ. ನಮ್ಮ ಆಚಾರಿಗಳ ಹತ್ತರಿಯ ಕೆಲಸವನ್ನು ಕಿತ್ತುಕೊಂಡ ವಿದ್ಯುತ್ ಪ್ಲೇನರನ್ನು ಜಪಾನಿನಲ್ಲಿ ಮಕಿಟಾ ಕಂಪನಿ ಮೊದಲು ತಂದದ್ದು 1958ರಲ್ಲಿ. ಅಲ್ಲಿಂದೀಚೆಗೆ ವಯರಿನ ಮಷಿನ್‌ಗಳ ಒಳಗಿನ ಏರ್ಪಾಡು ಹೆಚ್ಚೇನೂ ಬದಲಾಗಿಲ್ಲ. ಒಂದು ಮೋಟಾರು, ಅದರ ವೇಗವನ್ನು ಇಳಿಸುವ ಗೇರು ಅಥವಾ ಬೆಲ್ಟು, ಎರಡು ಮೂರು ಬೇರಿಂಗು, ಒಂದು ಸ್ವಿಚ್ಚು. ಮೊಬೈಲ್ ಫೋನಿನಂತೆ ಐದು ವರ್ಷಕ್ಕೆ ಹಳತಾಗಿ ಹೋಗುವ ವಸ್ತು ಇದಲ್ಲ. ಹತ್ತು ವರ್ಷದ ಹಿಂದಿನ 82 ಮಿಲಿಮೀಟರಿನ ಪ್ಲೇನರ್ ಇವತ್ತಿನದರಷ್ಟೇ ನುಣುಪಾಗಿ ಮರ ಕೀಸುತ್ತದೆ. ಸವೆದ ಭಾಗಗಳು ಬದಲಾಗಿದ್ದರೆ ಸಾಕು.

ಗಂಟೆಗಳ ಲೆಕ್ಕ

ಮಾರಾಟಕ್ಕೆ ಬರುವ ಮಷಿನ್‌ಗಳಲ್ಲಿ ಹೆಚ್ಚಿನವು ವೃತ್ತಿಯ ಬಡಗಿಗಳ, ಇಂಟೀರಿಯರ್ ಗುತ್ತಿಗೆದಾರರ ಕೈಯಲ್ಲಿ ದುಡಿದವು. ಮನೆಯ ಹವ್ಯಾಸಿಗೆ ಇದು ಅನುಕೂಲವೇ, ಅನನುಕೂಲವೇ? ಒಂದು ಲೆಕ್ಕ ಹಾಕೋಣ. ಬಡಗಿಯೊಬ್ಬರು ದಿನಕ್ಕೆ ಎರಡು ಗಂಟೆಯಂತೆ ವರ್ಷಕ್ಕೆ 300 ದಿನ ಪ್ಲೇನರ್ ಓಡಿಸಿದರೆ 600 ಗಂಟೆಯಾಯಿತು. ಮನೆಯಲ್ಲಿ ವಾರಕ್ಕೆ ಎರಡು ಗಂಟೆ ಓಡಿಸುವವರಿಗೆ ವರ್ಷಕ್ಕೆ ಸುಮಾರು 100 ಗಂಟೆ. ವೃತ್ತಿಯವರ ಒಂದು ವರ್ಷ ಹವ್ಯಾಸಿಯ ಆರು ವರ್ಷಕ್ಕೆ ಸಮ. ಆದ್ದರಿಂದ ಮುಕ್ಕಾಲು ಆಯಸ್ಸು ಕಳೆದ ಮಷಿನ್ನಿನ ಉಳಿದ ಕಾಲು ಭಾಗವೂ ಮನೆಯ ಕೆಲಸಕ್ಕೆ ವರ್ಷಗಟ್ಟಲೆ ಸಾಲುತ್ತದೆ. ಬಾಷ್ ಕಂಪನಿ ವೃತ್ತಿಯವರಿಗೆ ನೀಲಿ ಬಣ್ಣದ, ಮನೆಬಳಕೆಗೆ ಹಸಿರು ಬಣ್ಣದ ಬೇರೆ ಬೇರೆ ಸಾಲುಗಳನ್ನು ಮಾಡುತ್ತದೆ. ಹೊಸ ಹಸಿರಿನ ಬೆಲೆಗೆ ಹಳೆಯ ನೀಲಿ ಸಿಕ್ಕಾಗ, ದಿನವಿಡೀ ದುಡಿಯಲೆಂದೇ ಮಾಡಿದ ಉಪಕರಣ ಹಗುರ ಕೆಲಸಕ್ಕೆ ಬಂದಂತಾಗುತ್ತದೆ.

ಈ ಲೆಕ್ಕಕ್ಕೆ ಒಂದು ಮಿತಿಯೂ ಇದೆ. ಜೀವ ಉಳಿದಿದ್ದರೆ ಸಾಲದು, ನಿಖರತೆಯೂ ಉಳಿದಿರಬೇಕು. ಸೈಟಿನಲ್ಲಿ ಪ್ಲೈವುಡ್ ಸೀಳಿ ಮೇಲೆ ಲ್ಯಾಮಿನೇಟ್ ಅಂಟಿಸುವವರಿಗೆ ಅರ್ಧ ಮಿಲಿಮೀಟರ್ ಓರೆ ತೊಂದರೆಯಲ್ಲ. ಹಲಸು, ತೇಗ, ಸಿಲ್ವರ್ ಓಕ್ ಹಲಗೆಗಳನ್ನು ಕೂಡಿಸಿ ಸಂದು ಕಾಣದಂತೆ ಸೇರಿಸಲು ಹೊರಟವರಿಗೆ ಅದು ಕೆಲಸವನ್ನೇ ಕೆಡಿಸುತ್ತದೆ. ಮಷಿನ್ ಎಷ್ಟು ಜೋರಾಗಿ ತಿರುಗುತ್ತದೆ ಎನ್ನುವುದಕ್ಕಿಂತ ಅದರ ತಳ ಎಷ್ಟು ಸಮತಟ್ಟು, ಶಾಫ್ಟು ಎಷ್ಟು ಅಲುಗದೆ ನಿಂತಿದೆ ಎನ್ನುವುದನ್ನು ಹವ್ಯಾಸಿಯೇ ಹೆಚ್ಚು ಗಮನಿಸಬೇಕು.

ಎರಡು ಬಗೆಯ ಮೋಟಾರು

ಸವೆತವನ್ನು ಅರಿಯಬೇಕಾದರೆ ಮೋಟಾರಿನ ಪರಿಚಯ ಬೇಕು. ಕೈಯಲ್ಲಿ ಹಿಡಿಯುವ ವಯರಿನ ಮಷಿನ್‌ಗಳಲ್ಲಿ ಇರುವುದು ಕಾರ್ಬನ್ ಬ್ರಷ್‌ನ ಮೋಟಾರು. ತಿರುಗುವ ಆರ್ಮೇಚರಿನ ತುದಿಯಲ್ಲಿ ತಾಮ್ರದ ಪಟ್ಟಿಗಳ ಬಳೆಯಂಥ ಭಾಗವಿದೆ. ಅದೇ ಕಮ್ಯುಟೇಟರ್. ಸ್ಪ್ರಿಂಗಿನಿಂದ ಒತ್ತಿಹಿಡಿದ ಎರಡು ಇಂಗಾಲದ ತುಂಡುಗಳು ಅದಕ್ಕೆ ಉಜ್ಜುತ್ತಾ ಕರೆಂಟು ಕೊಡುತ್ತವೆ. ಸಣ್ಣ ಗಾತ್ರದಲ್ಲಿ ದೊಡ್ಡ ಶಕ್ತಿ, ಭಾರೀ ವೇಗ ಇದರ ಗುಣ. ಪ್ಲೇನರ್ ನಿಮಿಷಕ್ಕೆ 16,000 ಸುತ್ತು, ಟ್ರಿಮ್ಮರ್ 30,000ದ ಆಸುಪಾಸು ತಿರುಗುತ್ತದೆ. ಉಜ್ಜುವ ಇಂಗಾಲ ಸವೆಯುವುದು ಸಹಜ. ಅದು ಸವೆಯಲೆಂದೇ ಇರುವ ಭಾಗ, ಬೆಲೆಯೂ ಕಡಿಮೆ. ಆರ್ಮೇಚರ್ ಸುಟ್ಟಿದ್ದರೆ ಮಾತ್ರ ಖರ್ಚು ದೊಡ್ಡದು. ಬೆಲೆಯಿಳಿದ ಸಣ್ಣ ಮಷಿನ್‌ಗಳಲ್ಲಿ ಅದನ್ನು ಬದಲಿಸುವುದು ಲಾಭದ ಮಾತಲ್ಲ.

ನೆಲದ ಮೇಲೆ ನಿಲ್ಲುವ ಯಂತ್ರಗಳಾದ ಲೇತ್, ಬ್ಯಾಂಡ್ ಸಾ, ಸರ್ಫೇಸ್ ಪ್ಲೇನರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಡಕ್ಷನ್ ಮೋಟಾರು. ಇದರಲ್ಲಿ ಕಾರ್ಬನ್ನೂ ಇಲ್ಲ, ಉಜ್ಜುವ ಭಾಗವೂ ಇಲ್ಲ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ನಿಮಿಷಕ್ಕೆ ಸುಮಾರು 1,440 ಅಥವಾ 2,880 ಸುತ್ತು ತಿರುಗುತ್ತದೆ. ಹೊಲದ ಪಂಪ್‌ಸೆಟ್ಟಿನಲ್ಲಿರುವುದೂ ಇದೇ ಜಾತಿಯ ಮೋಟಾರು. ಕರ್ನಾಟಕದ ಮಟ್ಟಿಗೆ ಈ ನಂಟು ಬಹಳ ಬೆಲೆಯುಳ್ಳದ್ದು. ರೈತರ ಪಂಪುಗಳ ದೆಸೆಯಿಂದ ತಾಲ್ಲೂಕು ಕೇಂದ್ರಗಳಲ್ಲಿ, ಎಷ್ಟೋ ಹೋಬಳಿಗಳಲ್ಲಿ ಕೂಡ, ಮೋಟಾರ್ ವೈಂಡಿಂಗ್ ಅಂಗಡಿಗಳಿವೆ. ಸುಟ್ಟ ಇಂಡಕ್ಷನ್ ಮೋಟಾರಿಗೆ ತಾಮ್ರದ ತಂತಿ ಹೊಸದಾಗಿ ಸುತ್ತಿಕೊಡುವುದು ಅಲ್ಲಿ ದಿನನಿತ್ಯದ ಕೆಲಸ. ಹೀಗಾಗಿ ಹಳೆಯದನ್ನು ಧೈರ್ಯವಾಗಿ ಕೊಳ್ಳಬಹುದಾದ ಮೊದಲ ಬಗೆ ಎಂದರೆ ಈ ಭಾರದ ಯಂತ್ರಗಳೇ. ಎರಕದ ಕಬ್ಬಿಣದ ಮೇಜಿನ ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ, ಬೇರಿಂಗು ಅಳತೆಯ ಸಂಖ್ಯೆ ಹೇಳಿದರೆ ಸಿಗುತ್ತದೆ, ಬೆಲ್ಟು ಹೊಸದು ಹಾಕಬಹುದು. ಎರಕದಲ್ಲೇ ಬಿರುಕು ಬಿಟ್ಟಿದ್ದರೆ, ಮೇಜು ಸೊಟ್ಟಗಾಗಿದ್ದರೆ ಮಾತ್ರ ಎಷ್ಟು ಅಗ್ಗವಾದರೂ ಬಿಡಬೇಕು. ನೇರವಾದ ಉಕ್ಕಿನ ಸ್ಕೇಲನ್ನು ಮೇಜಿನ ಮೇಲೆ ಅಡ್ಡಡ್ಡವಾಗಿ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಬೆಳಕು ತೂರುತ್ತದೆಯೇ ನೋಡಿದರೆ ಅದು ಗೊತ್ತಾಗುತ್ತದೆ.

ಇಂಥ ಯಂತ್ರ ಕೊಳ್ಳುವ ಮುನ್ನ ಮೋಟಾರಿನ ತಗಡಿನ ಮೇಲೆ ಬರೆದದ್ದನ್ನು ಓದಲೇಬೇಕು. ಕಾರ್ಖಾನೆಗಳಿಂದ ಬಂದವು ಹೆಚ್ಚಾಗಿ 415 ವೋಲ್ಟಿನ ತ್ರೀ ಫೇಸ್. ಮನೆಯಲ್ಲಿರುವುದು 230 ವೋಲ್ಟಿನ ಸಿಂಗಲ್ ಫೇಸ್. ಮೋಟಾರು ಬದಲಿಸುವ ಅಥವಾ ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ ಡ್ರೈವ್ ಹಾಕುವ ಖರ್ಚನ್ನು ಎಲೆಕ್ಟ್ರಿಷಿಯನ್ ಹತ್ತಿರ ಮೊದಲೇ ಕೇಳಿ ಬೆಲೆಗೆ ಸೇರಿಸಿಕೊಳ್ಳಬೇಕು. ಅಮೆರಿಕದಿಂದ ಮರಳಿದ ಕುಟುಂಬಗಳು ಮಾರುವ ಯಂತ್ರಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿನದು 120 ವೋಲ್ಟ್, 60 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಸರಿಪಡಿಸಬಲ್ಲದು, ಹರ್ಟ್ಸ್ ಬದಲಿಸಲಾರದು. ಕಾರ್ಬನ್ ಮೋಟಾರಿಗೆ ಇದರಿಂದ ತೊಂದರೆಯಿಲ್ಲ. ಇಂಡಕ್ಷನ್ ಮೋಟಾರು ಮಾತ್ರ ಆರನೇ ಒಂದು ಭಾಗ ನಿಧಾನವಾಗುತ್ತದೆ, ಹೆಚ್ಚು ಬಿಸಿಯೂ ಆಗುತ್ತದೆ.

ಕೈ ಮಷಿನ್ನಿನ ಪರೀಕ್ಷೆ

ವಯರಿನ ಕೈ ಮಷಿನ್‌ಗಳು ಎರಡನೆಯ ಬಗೆ. ಇವನ್ನು ಕೊಳ್ಳಬಹುದು, ಪರೀಕ್ಷಿಸದೆ ಕೊಳ್ಳಬಾರದು. ಪ್ಲಗ್ಗು ಹಾಕುವ ಮೊದಲೇ ಅರ್ಧ ವಿಷಯ ತಿಳಿಯುತ್ತದೆ. ಮೈಮೇಲಿನ ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಯಾರೋ ಅನುಭವವಿಲ್ಲದವರು ಒಳಗೆ ಕೈಹಾಕಿದ್ದಾರೆ ಎಂದರ್ಥ. ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಬೇಕು. ಕಟಕಟ ಎಂದರೆ ಬೇರಿಂಗು ಹೋಗಿದೆ. ಬೇರಿಂಗೊಂದೇ ಹೋಗಿದ್ದರೆ ಚಿಂತೆಯಿಲ್ಲ. 608ರಂಥ ಸಾಮಾನ್ಯ ಸಂಖ್ಯೆಯ ಬೇರಿಂಗುಗಳು ಎಲ್ಲ ಕಡೆ ಸಿಗುತ್ತವೆ. ಬೇರಿಂಗು ಕೂರುವ ಗೂಡೇ ಸವೆದಿದ್ದರೆ ಹೊಸ ಬೇರಿಂಗೂ ನಿಲ್ಲುವುದಿಲ್ಲ. ಪ್ಲೇನರಿನ ತಳಕ್ಕೆ ಸ್ಕೇಲು ಇಟ್ಟು ನೋಡಬೇಕು. ರೂಟರಿನ ಬಿಟ್ ಹಿಡಿಯುವ ಕಾಲೆಟ್‌ನೊಳಗೆ ಗೀರು, ತುಕ್ಕು ಇದೆಯೇ ನೋಡಬೇಕು. ಹೊರಭಾಗದಲ್ಲೇ ಕಾರ್ಬನ್ ಮುಚ್ಚಳವಿದ್ದರೆ ತೆಗೆದು ಎರಡೂ ತುಂಡುಗಳ ಉದ್ದ ಹೋಲಿಸಬೇಕು. ಆ ಕಿಂಡಿಯಿಂದಲೇ ಕಮ್ಯುಟೇಟರ್ ಕಾಣುತ್ತದೆ. ಅದರ ಬಣ್ಣ ಎಲ್ಲ ಕಡೆ ಒಂದೇ ತೆರನಾದ ಕಂದಾಗಿದ್ದರೆ ಒಳ್ಳೆಯದು. ಒಂದೆರಡು ಪಟ್ಟಿ ಮಾತ್ರ ಕಪ್ಪಾಗಿ ಸುಟ್ಟಂತಿದ್ದರೆ ಒಳಗಿನ ಸುರುಳಿ ಕೆಟ್ಟಿರುವ ಸಂಭವ ಹೆಚ್ಚು. ಹೊಸ ಕಾರ್ಬನ್ ಹಾಕಿದರೂ ಅದು ಹೆಚ್ಚು ದಿನ ಬಾರದು.

ಆಮೇಲೆ ಪ್ಲಗ್ಗು. ಗಾಳಿಕಿಂಡಿಯೊಳಗೆ ಸಣ್ಣ ನೀಲಿ ಕಿಡಿ ಕಾಣುವುದು ಸಹಜ. ಕಮ್ಯುಟೇಟರಿನ ಸುತ್ತ ಬೆಂಕಿಯ ಬಳೆ ಎದ್ದರೆ ಆ ಮಷಿನ್ ಬೇಡ. ಐದು ನಿಮಿಷ ಬಿಡದೆ ಓಡಿಸಿ ಸುಟ್ಟ ವಾರ್ನಿಶ್ ವಾಸನೆ ಬರುತ್ತದೆಯೇ ಗಮನಿಸಬೇಕು. ಕೊನೆಗೆ ಒಂದು ತುಂಡು ಗಟ್ಟಿಮರವನ್ನು ಕೊಯ್ದು ನೋಡಲೇಬೇಕು. ಆರ್ಮೇಚರಿನ ದೋಷ, ಗೇರಿನ ಸವೆತ, ಬೆಲ್ಟಿನ ಜಾರಾಟ ಹೊರಬೀಳುವುದು ಭಾರ ಬಿದ್ದಾಗಲೇ. ಮರ ಕೊಯ್ದು ತೋರಿಸಲು ಮಾರುವವರು ಒಪ್ಪದಿದ್ದರೆ ಅದನ್ನೇ ಉತ್ತರವೆಂದು ತಿಳಿಯಬಹುದು.

ಬಿಡಿಭಾಗದ ಪ್ರಶ್ನೆ ಉಳಿಯಿತು. ಮಾಡೆಲ್ ನಂಬರ್ ಬರೆದುಕೊಂಡು, ಹಣ ಕೊಡುವ ಮುನ್ನ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಂಥ ಕಡೆಯ ಬಿಡಿಭಾಗದ ಅಂಗಡಿಗೋ ಕಂಪನಿಯ ಸರ್ವಿಸ್ ಸೆಂಟರಿಗೋ ಒಂದು ಫೋನು ಮಾಡಿದರೆ ಸಾಕು. ಹಿಟಾಚಿ ಎಂದು ಬರೆದ ಮಷಿನ್ ಕಂಡು ‘ಆ ಹೆಸರೇ ಈಗಿಲ್ಲವಲ್ಲ’ ಎಂದು ಹಿಂಜರಿಯಬೇಕಿಲ್ಲ. 2018ರಿಂದ ಅದೇ ಉಪಕರಣಗಳು ಹೈಕೋಕಿ ಹೆಸರಿನಲ್ಲಿ ಬರುತ್ತಿವೆ. ಹೆಸರೇ ಕೇಳರಿಯದ ಮಷಿನ್ನಿಗೆ ಕಾರ್ಬನ್ ಸಿಗದಿದ್ದರೆ, ಸಣ್ಣದೊಂದು ತುಂಡಿಗಾಗಿ ಇಡೀ ಮಷಿನ್ ಗುಜರಿಗೆ ಹೋಗುತ್ತದೆ.

ಬ್ಯಾಟರಿಯ ಲೆಕ್ಕ ಬೇರೆ

ಮೂರನೆಯ ಬಗೆ ಬ್ಯಾಟರಿ ಮಷಿನ್‌ಗಳು. ಇಲ್ಲಿ ವಯಸ್ಸು ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಲಿಥಿಯಂ ಸೆಲ್‌ಗಳು ಬಳಸದೆ ಇಟ್ಟರೂ ವರ್ಷದಿಂದ ವರ್ಷಕ್ಕೆ ಶಕ್ತಿ ಕಳೆದುಕೊಳ್ಳುತ್ತವೆ, ಬಿಸಿಲಿನ ತಾಪದಲ್ಲಿ ಇನ್ನೂ ಬೇಗ. ಚಾರ್ಜಿನ ದೀಪಗಳೆಲ್ಲ ಉರಿದರೂ ಸ್ಕ್ರೂ ಒಳಗಿಳಿಯುವ ಹೊತ್ತಿಗೆ ಬ್ಯಾಟರಿ ಕುಸಿಯಬಹುದು. ಹೊಸ ಸೆಟ್ಟಿನ ಬೆಲೆಯಲ್ಲಿ ಬ್ಯಾಟರಿ ಮತ್ತು ಚಾರ್ಜರಿನದೇ ದೊಡ್ಡ ಪಾಲು. ದಣಿದ ಬ್ಯಾಟರಿಯ ಜೊತೆ ಬಂದ ಅಗ್ಗದ ಡ್ರಿಲ್ಲಿಗೆ ಹೊಸ ಬ್ಯಾಟರಿ ಹಾಕುವಷ್ಟರಲ್ಲಿ ಉಳಿತಾಯವೆಲ್ಲ ಕರಗಿರುತ್ತದೆ. ಅದೇ ಕಂಪನಿಯ, ಅದೇ ವೋಲ್ಟಿನ ಒಳ್ಳೆಯ ಬ್ಯಾಟರಿ ಮನೆಯಲ್ಲಿ ಆಗಲೇ ಇದ್ದು, ಮಷಿನ್ನಿನ ಮೈಯನ್ನು ಮಾತ್ರ ಕೊಳ್ಳುವುದಾದರೆ ಈ ವ್ಯಾಪಾರ ಸರಿ. ಉಳಿದ ಸಂದರ್ಭದಲ್ಲಿ ಬ್ಯಾಟರಿ ಉಪಕರಣ ಹೊಸದನ್ನೇ ತರುವುದು ಲೇಸು.

ಗಾರ್ಡ್ ಇಲ್ಲದ್ದು ಬೇಡ

ಹಳೆಯ ಮಷಿನ್‌ಗಳ ವಿರುದ್ಧ ಕೇಳಿಬರುವ ಅತ್ಯಂತ ಗಟ್ಟಿ ಆಕ್ಷೇಪ ಸುರಕ್ಷತೆಯದು. ಅದನ್ನು ಪೂರ್ತಿ ಒಪ್ಪಬೇಕು. ಗೆರೆ ಕಾಣಲೆಂದು ಸೈಟುಗಳಲ್ಲಿ ಕಟಿಂಗ್ ಮಷಿನ್ನಿನ ಗಾರ್ಡ್ ಬಿಚ್ಚಿಡುವುದು, ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡು ಸಿಕ್ಕಿಸುವುದು ರೂಢಿಯಾಗಿಬಿಟ್ಟಿದೆ. ನಿಮಿಷಕ್ಕೆ 11,000 ಸುತ್ತು ತಿರುಗುವ 110 ಮಿಲಿಮೀಟರ್ ಬ್ಲೇಡಿನ ಅಂಚು ಗಂಟೆಗೆ ಸುಮಾರು 228 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಹಲ್ಲು ಮರದ ಗಂಟಿಗೆ ಸಿಕ್ಕಿ ಮಷಿನ್ ಕೈಯಿಂದ ಚಿಮ್ಮಿದರೆ ತಪ್ಪಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಗಾರ್ಡ್ ಇಲ್ಲದ ಮಷಿನ್ನನ್ನು ಅಪೂರ್ಣ ವಸ್ತುವೆಂದೇ ಎಣಿಸಬೇಕು. ಅಸಲಿ ಗಾರ್ಡ್ ಸಿಗುವುದಾದರೆ ಅದರ ಬೆಲೆ ಸೇರಿಸಿ ಯೋಚಿಸಬಹುದು, ಸಿಗದಿದ್ದರೆ ಬಿಡಬೇಕು. ಸರ್ಕ್ಯುಲರ್ ಸಾದ ಕೆಳಗಿನ ಗಾರ್ಡ್ ಕೈಬಿಟ್ಟ ಕೂಡಲೇ ತಾನಾಗಿ ಮುಚ್ಚಿಕೊಳ್ಳಬೇಕು, ಟ್ರಿಗರ್ ಬಿಟ್ಟ ಕೂಡಲೇ ಕರೆಂಟು ಕಡಿಯಬೇಕು.

ಟೇಬಲ್ ಸಾ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಸೀಳಿದ ಮರ ಬ್ಲೇಡಿನ ಹಿಂದೆ ಮತ್ತೆ ಕೂಡಿಕೊಂಡು ಹಲ್ಲುಗಳನ್ನು ಕಚ್ಚಿದರೆ, ಮೇಲೇಳುವ ಹಲ್ಲುಗಳು ಇಡೀ ಹಲಗೆಯನ್ನು ಕೊಯ್ಯುವವರತ್ತಲೇ ಎಸೆಯುತ್ತವೆ. ಇದನ್ನು ತಡೆಯುವುದು ಬ್ಲೇಡಿನ ಹಿಂದೆ ನಿಲ್ಲುವ ರೈವಿಂಗ್ ನೈಫ್ ಎಂಬ ತೆಳು ತಗಡು. ಅದು ಇಲ್ಲದ, ಕೂರಿಸಲೂ ಬಾರದ ಹಳೆಯ ಟೇಬಲ್ ಸಾ ಮನೆಗೆ ತಕ್ಕದ್ದಲ್ಲ. ಇಲ್ಲಿ ಹೊಸದಕ್ಕೆ ಹೆಚ್ಚು ಹಣ ಕೊಡುವುದೇ ವಿವೇಕ.

ಕರೆಂಟಿನ ಸುರಕ್ಷತೆಯೂ ಇದರಲ್ಲೇ ಸೇರುತ್ತದೆ. ರಾಲಿವುಲ್ಫ್‌ನಂಥ ಹಳೆಯ ಲೋಹದ ಮೈಯ ಡ್ರಿಲ್ಲುಗಳಿಗೆ ಮೂರು ಪಿನ್ನಿನ ಪ್ಲಗ್ಗು, ಸರಿಯಾದ ಅರ್ಥಿಂಗ್ ಬೇಕೇಬೇಕು. ಚೌಕದೊಳಗೊಂದು ಚೌಕದ ಗುರುತು ಇರುವವು ಡಬಲ್ ಇನ್ಸುಲೇಶನ್‌ನವು, ಅವಕ್ಕೆ ಎರಡು ಪಿನ್ ಸಾಕು. ಟೇಪು ಸುತ್ತಿದ ವಯರನ್ನು ಮೊದಲ ದಿನವೇ ಬದಲಿಸಬೇಕು. 1,400 ವ್ಯಾಟಿನ ಸರ್ಕ್ಯುಲರ್ ಸಾ ಮಷಿನ್ನನ್ನು ಮನೆಯ 6 ಆಂಪಿಯರ್ ಸಾಕೆಟ್ಟಿಗೆ ಹಾಕಬಾರದು. 230 ವೋಲ್ಟಿನಲ್ಲಿ ಆ ಸಾಕೆಟ್ಟಿನ ಮಿತಿಯೇ 1,380 ವ್ಯಾಟ್. ಅಂಥದ್ದಕ್ಕೆ 16 ಆಂಪಿಯರ್ ಸಾಕೆಟ್ಟೂ ಕರೆಂಟು ಸೋರಿದ ಕೂಡಲೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯೂ ಇರಲಿ. ಧೂಳನ್ನೂ ಮರೆಯಬಾರದು. ಮರದ ಧೂಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪಟ್ಟಿಮಾಡಿದೆ. ಹಳೆಯ ಮಷಿನ್ನಿನ ಜೊತೆ ಧೂಳಿನ ಚೀಲ ಬರದಿದ್ದರೆ ಅದಕ್ಕೂ, ಒಳ್ಳೆಯ ಮಾಸ್ಕಿಗೂ ಹಣ ಎತ್ತಿಡಬೇಕು.

‘ಹೊಸದೇ ಅಗ್ಗವಲ್ಲವೇ?’

ಇನ್ನೊಂದು ಆಕ್ಷೇಪ ಹಣದ್ದು. ಹೊಸ ಮಷಿನ್‌ಗಳ ಬೆಲೆ ಈಗ ಇಳಿದಿದೆ, ವಾರಂಟಿಯೂ ಇದೆ, ಹಳೆಯದಕ್ಕೆ ಏಕೆ ಒದ್ದಾಡಬೇಕು ಎಂಬ ಪ್ರಶ್ನೆ. ಸಣ್ಣ ಡ್ರಿಲ್ಲು, ಜಿಗ್ ಸಾಗಳ ಮಟ್ಟಿಗೆ ಈ ಮಾತು ಸರಿ. ಉಳಿತಾಯ ಕಡಿಮೆ ಇದ್ದಲ್ಲಿ ವಾರಂಟಿಯೇ ಮೇಲು. ಬೆಲೆ ಏರಿದಂತೆ ಲೆಕ್ಕ ತಿರುಗುತ್ತದೆ. ಹೊಸದಕ್ಕೆ 20,000 ರೂಪಾಯಿಯ ರೂಟರ್ 8,000ಕ್ಕೆ ಸಿಕ್ಕಿತು ಎಂದುಕೊಳ್ಳಿ. ಕಾರ್ಬನ್, ಬೇರಿಂಗು, ವಯರು, ಕೂಲಿ ಸೇರಿ 2,000 ಆದರೂ ಅರ್ಧ ಹಣ ಉಳಿಯಿತು. ಆ ಹಣ ಒಳ್ಳೆಯ ಬಿಟ್ಟುಗಳಿಗೆ ಬಂದರೆ ಕೆಲಸದ ಗುಣಮಟ್ಟ ಏರುತ್ತದೆ. ಹರಿತವಾದ ಹೊಸ ಬ್ಲೇಡು ಹಾಕಿದ ಹಳೆಯ ಮಷಿನ್, ಮೊಂಡು ಬ್ಲೇಡಿನ ಹೊಸ ಮಷಿನ್ನಿಗಿಂತ ಚೆನ್ನಾಗಿ ಕೊಯ್ಯುತ್ತದೆ. ರಿಪೇರಿ ಸೇರಿ ಹೊಸದರ ಬೆಲೆಯ ಅರ್ಧ ದಾಟಿದರೆ ಮಾತ್ರ ಹೊಸದರತ್ತ ನಡೆಯುವುದು ಸರಿ.

ದಾಖಲೆಯ ವಿಚಾರದಲ್ಲೂ ಅಗ್ಗದ ಆಸೆಗೆ ಕಡಿವಾಣ ಬೇಕು. ಕಟ್ಟಡದ ಸೈಟುಗಳಿಂದ ಕೈ ಮಷಿನ್ ಕದಿಯುವುದು ಸುಲಭ, ಸಾಗಿಸುವುದು ಇನ್ನೂ ಸುಲಭ. ಕದ್ದ ಮಾಲೆಂದು ತಿಳಿದು ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ನಿನಡಿ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಕಾನೂನಿಗಿಂತ ದೊಡ್ಡದು, ಆ ಮಷಿನ್ ಯಾರದೋ ಅನ್ನದ ದಾರಿಯಾಗಿತ್ತು ಎಂಬುದು. ಸೀರಿಯಲ್ ನಂಬರ್ ಉಜ್ಜಿಹಾಕಿದ್ದನ್ನು ಮುಟ್ಟಬಾರದು. ಹಳೆಯ ಬಿಲ್ಲು ಕೇಳಬೇಕು. ಬಿಲ್ಲಿಲ್ಲದಿದ್ದರೆ ಮಾರುವವರ ಹೆಸರು, ಫೋನ್, ಸೀರಿಯಲ್ ನಂಬರ್ ಇರುವ ಚೀಟಿಯನ್ನಾದರೂ ಬರೆಸಿಕೊಳ್ಳಬೇಕು.

ಯಾವುದು ಮೊದಲು

ಹೀಗೆ ನೋಡಿದರೆ ಮನೆಯ ವರ್ಕ್‌ಶಾಪಿಗೆ ಒಂದು ಕ್ರಮ ಹೊಳೆಯುತ್ತದೆ. ಎರಕದ ಕಬ್ಬಿಣದ, ಇಂಡಕ್ಷನ್ ಮೋಟಾರಿನ ಯಂತ್ರಗಳು ಹಳೆಯವು ಸಿಕ್ಕರೆ ಬಿಡಬೇಡಿ. ಪ್ಲೇನರ್, ರೂಟರ್, ಸರ್ಕ್ಯುಲರ್ ಸಾಗಳನ್ನು ಮರ ಕೊಯ್ದು ನೋಡಿ ಕೊಳ್ಳಿ. ಬ್ಯಾಟರಿ ಮಷಿನ್, ಟೇಬಲ್ ಸಾ, ಕಣ್ಣು ಕಿವಿ ಮೂಗಿನ ರಕ್ಷಣೆಯ ಸಾಧನಗಳು ಹೊಸವೇ ಇರಲಿ. ಒಂದು ಕೆಲಸ ಎದುರಿಗೆ ಬಂದಾಗ ಅದಕ್ಕೆ ಬೇಕಾದ ಒಂದು ಉಪಕರಣ ತರುವುದು ಒಳ್ಳೆಯ ಪದ್ಧತಿ. ಅಗ್ಗವೆಂದು ರಾಶಿ ಹಾಕಿದವು ಬಳಕೆಯಿಲ್ಲದೆ ತುಕ್ಕು ಹಿಡಿಯುತ್ತವೆ.

ಈ ವ್ಯಾಪಾರ ಹೇಗೆ ನಡೆಯಬೇಕೆಂಬುದು ಕೊಳ್ಳುವವರ ಕೈಯಲ್ಲೂ ಇದೆ. ಬಣ್ಣ ಮತ್ತು ರೇಟು ಎರಡನ್ನೇ ಕೇಳುವವರಿಗೆ ಮಾರುಕಟ್ಟೆ ಬಣ್ಣ ಬಳಿದ ಮಷಿನ್ನನ್ನೇ ಕೊಡುತ್ತದೆ. ಕಾರ್ಬನ್ ತೆಗೆದು ತೋರಿಸಿ, ಗಾರ್ಡ್ ಎಲ್ಲಿ, ಮರ ಕೊಯ್ಯಿರಿ ಎಂದು ಕೇಳುವವರು ಹೆಚ್ಚಿದರೆ, ಬೇರಿಂಗು ಬದಲಿಸಿ, ಗಾರ್ಡ್ ಕೂರಿಸಿ ಮಾರುವುದೇ ವ್ಯಾಪಾರಿಗೂ ಲಾಭವಾಗುತ್ತದೆ. ಆಗ ವೈಂಡಿಂಗ್ ಅಂಗಡಿಯ ಕುಶಲಿಗೆ ಕೆಲಸ ಸಿಗುತ್ತದೆ, ಇನ್ನೂ ದುಡಿಯಬಲ್ಲ ತಾಮ್ರ, ಉಕ್ಕು ಕುಲುಮೆಗೆ ಹೋಗುವುದು ತಪ್ಪುತ್ತದೆ, ಹೊಸ ಮಷಿನ್ನಿನ ಬೆಲೆಗೆ ಹೆದರಿ ಕೂತ ಎಷ್ಟೋ ಕೈಗಳಿಗೆ ಮರಗೆಲಸ ಎಟುಕುತ್ತದೆ.